ಖಂಡೆಪ್ಪ ತುಂಬಿಟ್ಟ ನೀರು

ಗೋಕಾಕದ ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿಗೆ ಆ ಗಾಜಿನ ಚಿಪ್ ಬಂದ ದಿನ ಅಟೆಂಡರ್ ಖಂಡೆಪ್ಪ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿಯೇ ನೋಡಿದ. ಬೆಂಕಿಪೊಟ್ಟಣದಷ್ಟೇ ಗಾಜು, ಅದರೊಳಗೆ ಕೂದಲೆಳೆಯಂಥ ಕಾಲುವೆಗಳು! ಒಂದು ಬಾಯಿಂದ ತಾಮ್ರದ ದ್ರಾವಣ, ಇನ್ನೊಂದರಿಂದ ಅಮೋನಿಯ, ಎರಡೂ ನಡುದಾರಿಯಲ್ಲಿ ಕೂಡಿ ಕಡುನೀಲಿ ಸಂಯುಕ್ತವಾಗಿ ಆ ತುದಿಗೆ ಇಳಿಯಬೇಕು. ಬೀಕರುಗಟ್ಟಲೆ ಸುರಿಯುವುದು ಬೇಡ, ಕಲಕುತ್ತ ಕೂಡುವುದು ಬೇಡ, ಹತ್ತೇ ಹನಿಯಲ್ಲಿ ಕೆಲಸ ಮುಗಿಯಿತು!

"ಎಲ್ಲಾ ಇಷ್ಟ ಸಣ್ಣದಾದ್ರ ನಾ ತೊಳ್ಯಾಕ ಏನ್ ಉಳಿತೈತ್ರಿ ಮೇಡಂ?"

"ಚಾದ ಕಪ್ ಅದಾವಲ್ಲ ಖಂಡೆಪ್ಪ, ಅವನ್ನ ತೊಳೀರಿ," ಎಂದು ರಾಜೇಶ್ವರಿ ಮೇಡಂ ನಕ್ಕಿದ್ದರು.

ಬೆಲ್ಲದ ಬಾಗೇವಾಡಿಯಿಂದ ಬಸ್ಸು ಹಿಡಿದು ಬಂದು ಇಪ್ಪತ್ತೆರಡು ವರ್ಷದಿಂದ ಆ ಬಾಗಿಲು ತೆರೆಯುತ್ತಿದ್ದವನು ಖಂಡೆಪ್ಪ. ಅವನು ತೊಳೆದಿಟ್ಟ ಟೆಸ್ಟ್ ಟ್ಯೂಬನ್ನು ಯಾರೂ ಎರಡನೇ ಸಲ ತೊಳೆಯುತ್ತಿರಲಿಲ್ಲ.

ಆದರೆ ಮೂಡಲಗಿಯ ವಿದ್ಯಾರ್ಥಿನಿ ಭಾಗ್ಯಾ ಸಿರಿಂಜು ಒತ್ತಿದಾಗಲೆಲ್ಲ ಚಿಪ್‌ನ ಕಾಲುವೆ ಕಟ್ಟಿಕೊಂಡಿತು. ಒಂದಲ್ಲ, ಮೂರು ಸಲ. ಮರುದಿನವೇ ಅವಳು ಅದನ್ನು ಬೆಳಗಾವಿಯ ವಿಜ್ಞಾನ ಸ್ಪರ್ಧೆಗೆ ಒಯ್ಯಬೇಕಿತ್ತು.

"ದ್ರಾವಣ ಸೋಸಿಲ್ಲ ನೀ!" ಮೇಡಂ ರೇಗಿದರು.

"ಎರಡ ಸರ್ತಿ ಸೋಸೇನ್ರಿ ಮೇಡಂ, ಖರೇನ."

"ಸುಳ್ಳ ಹೇಳಬ್ಯಾಡ. ನಾಳೆ ನಿನ್ನ ಬದ್ಲಿ ಸುಮನ್‌ನ ಕಳಸ್ತೇನಿ."

ಭಾಗ್ಯಾ ಸಿರಿಂಜು ಕೆಳಗಿಟ್ಟಳು. ಖಂಡೆಪ್ಪ ಬಗ್ಗಿ ಚಿಪ್ ಅನ್ನು ಭೂತಗನ್ನಡಿಯಲ್ಲಿ ನೋಡಿದ. ಎರಡು ದ್ರಾವಣ ಕೂಡುವಲ್ಲಿ ಬಿಳಿ ಹಕ್ಕಳೆ. ಮನೆಯಲ್ಲಿ ಹೆಂಡತಿ ಸುಂದ್ರವ್ವ ನೀರೊಲೆಯ ಹಂಡೆಯಿಂದ ಕೆರೆದು ತೆಗೆಯುತ್ತಿದ್ದುದೂ ಇದನ್ನೇ. ಬೋರಿನ ನೀರಿನ ಸುಣ್ಣ!

ಅದು ಎಲ್ಲಿಂದ ಬಂತೆಂದು ಅವನಿಗೆ ಗೊತ್ತಿತ್ತು. ಎರಡು ವರ್ಷದ ಹಿಂದೆ ಅವನು ಚಹಕ್ಕೆ ಹೋಗಿ ಹರಟೆಗೆ ಕೂತಿದ್ದಾಗ ಡಿಸ್ಟಿಲ್ಡ್ ವಾಟರ್ ಯಂತ್ರದಲ್ಲಿ ನೀರು ಬತ್ತಿ ಕಾಯಿಲ್ ಸುಟ್ಟಿತ್ತು. ಬೈಗುಳಕ್ಕೆ ಹೆದರಿ ಯಾರಿಗೂ ಹೇಳಿರಲಿಲ್ಲ. ಅಂದಿನಿಂದ ಡಿಸ್ಟಿಲ್ಡ್ ವಾಟರಿನ ಬಾಟಲಿಗಳಿಗೆ ಅವನು ತುಂಬುತ್ತಿದ್ದುದು ಬೋರಿನ ನೀರು. ದೊಡ್ಡ ಬೀಕರುಗಳಲ್ಲಿ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಈ ಕೂದಲೆಳೆಯಲ್ಲಿ ಸಿಕ್ಕಿಬಿದ್ದಿತ್ತು.

ಸುಮ್ಮನಿದ್ದರೆ ಇವತ್ತೂ ಯಾರಿಗೂ ಗೊತ್ತಾಗದು. ಭಾಗ್ಯಾ ಚೀಲ ಎತ್ತಿಕೊಂಡಳು.

"ಆಕಿಗಿ ಬೈಬ್ಯಾಡ್ರಿ ಮೇಡಂ," ಎಂದು ಖಂಡೆಪ್ಪ ಬಾಟಲಿಯತ್ತ ಕೈ ತೋರಿದ. "ಆ ನೀರ ಬೋರಿಂದ್ರಿ. ನಾನ ತುಂಬೇನಿ."

"ಇವತ್ತ?"

"ಎರಡ ವರ್ಷಾತ್ರಿ. ಮಷೀನ್ ನಾನ ಸುಟ್ಟೇನ್ರಿ."

ಮೇಡಂ ಬಾಟಲಿಗಳ ಸಾಲಿನತ್ತ ತಿರುಗಿದರು. ಎರಡು ವರ್ಷದ ಪ್ರಾಕ್ಟಿಕಲ್‌ಗಳು ಅವರ ಕಣ್ಣ ಮುಂದೆ ಹಾದು ಹೋದಂತಿತ್ತು.

"ಅಯ್ಯ ಕಾಕಾ, ಮದ್ಲ ಹೇಳಬಾರದಿತ್ತೇನ್ರಿ?" ಎಂದಳು ಭಾಗ್ಯಾ. ಸಿಟ್ಟೂ ಇರಲಿಲ್ಲ ಅದರಲ್ಲಿ. ಅದೇ ಅವನಿಗೆ ಹೆಚ್ಚು ಚುಚ್ಚಿತು.

ಖಂಡೆಪ್ಪ ಪೇಟೆಗೆ ಓಡಿದ. ಬ್ಯಾಟರಿ ಅಂಗಡಿಯಿಂದ ಡಿಸ್ಟಿಲ್ಡ್ ವಾಟರ್ ಡಬ್ಬಿ ಹಿಡಿದು ಏದುಸಿರು ಬಿಡುತ್ತ ಮರಳಿದಾಗ ಭಾಗ್ಯಾ ಉಳಿದಿದ್ದ ಇನ್ನೊಂದು ಚಿಪ್ ಜೋಡಿಸಿ ಕಾಯುತ್ತಿದ್ದಳು. ಮೇಡಂ ಕೈ ಚಾಚಿ, ತಡೆದು, ಡಬ್ಬಿಯ ಮುಚ್ಚಳದತ್ತ ನೋಡಿದರು. ಇಪ್ಪತ್ತೆರಡು ವರ್ಷದಲ್ಲಿ ಅವನು ತಂದುಕೊಟ್ಟದ್ದನ್ನು ಯಾರೂ ಹಾಗೆ ನೋಡಿರಲಿಲ್ಲ.

ಖಂಡೆಪ್ಪ ತಲೆ ತಗ್ಗಿಸಿ, ಸೀಲು ಅವರಿಗೆ ಕಾಣುವಂತೆ ಡಬ್ಬಿಯನ್ನು ತಾನೇ ತಿರುಗಿಸಿ ಹಿಡಿದ.