ಗೇಟು ದಾಟಿದ ಕಡ್ಡಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬಸಮ್ಮ ಮರದ ಬಿಲ್ಲೆಯೊಂದನ್ನು ತೊಡೆಯ ಮೇಲಿಟ್ಟುಕೊಂಡು ಹಳೆ ಸೀರೆಯ ತುಂಡಿನಿಂದ ಒರೆಸುತ್ತಾರೆ. ಮೊದಲು ಅಂಚು, ಆಮೇಲೆ ಮುಖ, ಆಮೇಲೆ ಬೆನ್ನು. ಧೂಳು ಪೂರ್ತಿ ಹೋಯಿತೇ ಎಂದು ಕೆನ್ನೆಗೆ ಒತ್ತಿ ನೋಡುತ್ತಾರೆ. ಕರೆಂಟಿಲ್ಲ, ಹಾಗಾಗಿ ಯಂತ್ರಗಳೂ ಸುಮ್ಮನಿವೆ. ಒರೆಸಿದ ಬಿಲ್ಲೆಗಳು ಅವರ ಪಕ್ಕದಲ್ಲಿ ರೊಟ್ಟಿ ಜೋಡಿಸಿದಂತೆ ಒಂದರ ಮೇಲೊಂದು ಏರುತ್ತವೆ.

ಚನ್ನಪಟ್ಟಣದ ಅಂಚಿನಲ್ಲಿರುವ ಈ ಬೊಂಬೆ ಶೆಡ್ಡಿಗೆ ಇರುವುದು ಒಂದೇ ಕಿಟಕಿ. ಅದಕ್ಕೆ ಅಡ್ಡವಾಗಿ ಖಾಲಿ ರಟ್ಟಿನ ಪೆಟ್ಟಿಗೆಗಳನ್ನು ಒಟ್ಟಿದ್ದಾರೆ. ಬಸಮ್ಮ ಬಾಗಿಲ ಹತ್ತಿರ, ಹೋಗಿಬರುವವರ ಕಾಲ ಬಳಿ ಮಣೆ ಹಾಕಿಕೊಂಡಿದ್ದಾರೆ. ಅವರ ಬಗ್ಗೆ ಬರೆಯಲೆಂದು ಬಂದ ನಾನು ಪಕ್ಕದಲ್ಲೇ ಕೂತಿದ್ದೇನೆ.

ಇವತ್ತು ಶನಿವಾರ. ಈ ಬಿಲ್ಲೆಗಳು ಮಕ್ಕಳಿಗೆ ಹೊತ್ತು ನೋಡುವುದನ್ನು ಕಲಿಸುವ ಮರದ ಗಡಿಯಾರಗಳು. ಇವುಗಳ ಮುಖದ ಮೇಲೆ ಬರಬೇಕಾದದ್ದು ನಮ್ಮ ೧, ೨, ೩ ಅಲ್ಲ, ಬಸ್ಸಿನ ಮೇಲಿರುವ 1, 2, 3 ಕೂಡ ಅಲ್ಲ. I, II, III ಎಂಬ ರೋಮನ್ ಅಂಕಿ. ಹೊರದೇಶಕ್ಕೆ ಆಟದ ಸಾಮಾನು ಕಳಿಸುವ ಕಂಪನಿಯ ದಯಾನಂದ್ ಇವತ್ತು ನೋಡಲು ಬರುತ್ತಾರೆ. ಕೈಬರಹ ಒಪ್ಪಿಗೆಯಾದರೆ ಕೂತು ಬರೆಯುವ ಕೆಲಸ ಬಸಮ್ಮನದು. ಎಡವಟ್ಟಾದರೆ ಬೆಂಗಳೂರಿನಿಂದ ಸ್ಟಿಕ್ಕರ್ ಬರುತ್ತದೆ, ಬಸಮ್ಮ ಮತ್ತೆ ಪಾಲಿಶಿಗೆ ನಿಲ್ಲುತ್ತಾರೆ.

ನಿಲ್ಲುವುದೇ ಅವರ ಕಷ್ಟ. ಮದುವೆಯಾಗಿ ಹತ್ತಿರದ ಅಕ್ಕೂರಿಗೆ ಬಂದ ಹೊಸದರಲ್ಲಿ ಸೇರಿದ ಕೆಲಸ ಇದು. ತಿರುಗುವ ಮರಕ್ಕೆ ಅರಗು ಹತ್ತಿದ ಮೇಲೆ ತಾಳೆಗರಿ ಒತ್ತಿ ಹಿಡಿದು ಹೊಳಪು ತರಬೇಕು. ಬೆಳಗಿನಿಂದ ಸಂಜೆಯವರೆಗೆ ನಿಂತೇ ಮಾಡಬೇಕು. ಈಗ ಮಂಡಿ ಊದುತ್ತದೆ. ಹೆದ್ದಾರಿ ಅಗಲವಾದ ಮೇಲೆ ಬಿಡದಿಯ ಕಡೆಯ ಕಾರ್ಖಾನೆಗಳ ವ್ಯಾನು ಊರಿನೊಳಗೇ ಬರುತ್ತದೆ, ಆದರೆ ಅದು ಹತ್ತಿಸಿಕೊಳ್ಳುವುದು ಹರೆಯದವರನ್ನು. "ನನ್ ನೋಡಿ 'ಅಜ್ಜಿ, ದಾರಿ ಬುಡಿ' ಅಂದ ಡ್ರೈವರು. ನಾನೇನು ವ್ಯಾನಿಗೆ ಅಡ್ಡ ನಿಂತಿದ್ನಾ?" ಎಂದು ಬಸಮ್ಮ ನಗುತ್ತಾರೆ. ಅವರಿಗೆ ಇನ್ನೂ ಐವತ್ತಾಗಿಲ್ಲ.

ಸೋಮವಾರ ಶೆಡ್ಡಿನ ಮಾಲೀಕ ಅನಂತರಾಜು ಗಡಿಯಾರದ ಚಿತ್ರ ತಂದು, "ಇದನ್ನ ಯಾರು ಬರೀತೀರಿ?" ಎಂದು ಕೇಳಿದಾಗ ಮೊದಲು ಕೈ ಎತ್ತಿದ್ದು ಬಸಮ್ಮನೇ. ಎಲ್ಲರೂ ನಕ್ಕರು. ಪ್ಯಾಕಿಂಗ್ ಮಾಡುವ ನವ್ಯಶ್ರೀ ಅಂತೂ ಬಾಯಿಗೆ ಸೆರಗು ಹಿಡಿದಳು.

"ಅಕ್ಕೋ, ನಿಂಗೆ ಬಸ್ಸಿನ ಬೋರ್ಡೇ ಓದಕ್ಕೆ ಬರಕಿಲ್ಲ!"

"ಓದಕ್ಕೆ ಯಾಕವ್ವ, ಕಂಡಕ್ಟ್ರು ಕೂಗ್ತನಲ್ಲ. ಬರೇ ಕಡ್ಡಿ ತಾನೆ ಇದು? ರಂಗೋಲಿ ಹಾಕೋಳಿಗೆ ಕಡ್ಡಿ ಎಳೆಯಕ್ಕೆ ಬರಕಿಲ್ವಾ?"

ಮೂರನೇ ತರಗತಿಯ ನಡುವೆ, ಮನೆಯಲ್ಲಿ ರೇಷ್ಮೆ ಹುಳುಗಳಿಗೆ ಮೇವು ಸಾಲದೆ ಹೋದ ವಾರ, ಹಿಪ್ಪುನೇರಳೆ ಸೊಪ್ಪು ತರಲೆಂದು ಶಾಲೆ ಬಿಟ್ಟವರು ಅವರು. ಬಿಟ್ಟದ್ದು ಬಿಟ್ಟೇ ಹೋಯಿತು. ನನಗೂ ಅದು ಗೊತ್ತಿರುವ ದಾರಿಯಾದ್ದರಿಂದ ಹೆಚ್ಚು ಕೇಳಲಿಲ್ಲ.

ಕಲಿಸುವ ಭಾರ ಯಂತ್ರದಲ್ಲಿ ಮರ ಕಡೆಯುವ ಸಮದ್ ಅವರ ಮೇಲೆ ಬಿತ್ತು. ಅವರ ಮನೆಯಲ್ಲಿ ತಾತನ ಕಾಲದ ಗೋಡೆ ಗಡಿಯಾರವಿದೆ, ಅದರಲ್ಲಿ ಇದೇ ಅಂಕಿ. ಊಟದ ಹೊತ್ತಿನಲ್ಲಿ ಇಬ್ಬರೂ ಎದುರುಬದುರು ಕೂರುತ್ತಿದ್ದರು. ಸಮದ್ ಬಿಲ್ಲೆ ತಿರುಗಿಸುತ್ತಾ ಪ್ರತಿ ಅಂಕಿಯ ಕಾಲು ಬಿಲ್ಲೆಯ ನಡುವಿನ ಕಡೆಗೆ ಬರುವಂತೆ ಬರೆಯುವರು, ಬಸಮ್ಮ ನೋಡಿ ಬರೆಯುವರು. ಒಂದು ಕಡ್ಡಿ, ಎರಡು ಕಡ್ಡಿ, ಮೂರು ಕಡ್ಡಿ ಸಲೀಸು. ಐದು ಎಂದರೆ ಕವೆ, V. ಹತ್ತು ಎಂದರೆ ಕತ್ತರಿ, X. ನಾಲ್ಕಕ್ಕೆ ಬಂದಾಗ ಸಮದ್ ತಮ್ಮ ಮನೆಯ ಗಡಿಯಾರದಂತೆ ನಾಲ್ಕು ಕಡ್ಡಿ ಎಳೆದರು, ಅನಂತರಾಜು ಚಿತ್ರ ತೋರಿಸಿ IV ಎಂದರು.

"ನಮ್ಮ ತಾತ ಸುಳ್ಳು ಹೇಳ್ತಾನಾ ಸಾರ್?"

"ನಿಮ್ ತಾತ ಆರ್ಡ್ರು ಕೊಟ್ಟಿಲ್ವಲ್ಲ ಸಮದ್!"

ನಿಜವಾದ ಗಂಡಾಂತರ ಒಂಬತ್ತು ಮತ್ತು ಹನ್ನೊಂದರಲ್ಲಿತ್ತು. ಒಂಬತ್ತು IX, ಹನ್ನೊಂದು XI. ಎದುರಿಗೆ ಕೂತು ನೋಡುವವರಿಗೆ IX ತಲೆಕೆಳಗಾಗಿ XI ಎಂದೇ ಕಾಣುತ್ತದೆ. ಎದುರು ಕೂತೇ ಕಲಿತ ಬಸಮ್ಮ ಬುಧವಾರದವರೆಗೆ ಬರೆದ ಬಿಲ್ಲೆಗಳಲ್ಲೆಲ್ಲ ಒಂಬತ್ತರ ಜಾಗದಲ್ಲಿ ಹನ್ನೊಂದು, ಹನ್ನೊಂದರ ಜಾಗದಲ್ಲಿ ಒಂಬತ್ತು. "ಅಕ್ಕನ ಗಡಿಯಾರದಲ್ಲಿ ಹತ್ತಾದ್ಮೇಲೆ ಮತ್ತೆ ಒಂಬತ್ತು, ತಿಂಡಿ ಟೈಮು!" ಎಂದು ನವ್ಯಶ್ರೀ ಕೂಗಿದಳು. ಬಸಮ್ಮ ಎಲ್ಲವನ್ನೂ ಉಜ್ಜಿ ಅಳಿಸಿದರು. ಅನಂತರಾಜು ಸ್ಟಿಕ್ಕರಿನವರಿಗೆ ಫೋನು ಮಾಡಿ ವಿಚಾರಿಸಿದ್ದೂ ಅವತ್ತೇ.

ಗುರುವಾರ ಬೆಳಿಗ್ಗೆ ಬಸ್ಸು ರೈಲ್ವೆ ಗೇಟಿನಲ್ಲಿ ನಿಂತಿತು. ಅಲ್ಲಿನದು ಕಂಬಿಗಳನ್ನು ಕತ್ತರಿಯಂತೆ ಒಂದಕ್ಕೊಂದು ಅಡ್ಡ ಬಿಗಿದ ಹಳೆಯ ಗೇಟು. ಗೇಟಿನ ಈಚೆ ಒಬ್ಬ ಹಾಲಿನ ಕ್ಯಾನು ಹಿಡಿದು ನೆಟ್ಟಗೆ ನಿಂತಿದ್ದ. ಇನ್ನೊಬ್ಬ ನುಸುಳಿ ಆಚೆ ಹೋಗಿದ್ದ. ಕಿಟಕಿಯಿಂದ ನೋಡುತ್ತಿದ್ದ ಬಸಮ್ಮ ಒಮ್ಮೆಲೇ "ದಾಟ್ಬುಟ್ಟ!" ಎಂದು ಕೂಗಿದರಂತೆ. ರೈಲಿಗೆ ಯಾರೋ ಸಿಕ್ಕರೆಂದು ಬಸ್ಸಿನವರೆಲ್ಲ ಎದ್ದು ನಿಂತರಂತೆ.

ಶೆಡ್ಡಿಗೆ ಬಂದವರು ಚೀಲ ಕೂಡ ಇಳಿಸದೆ ಸಮದ್ ಮುಂದೆ ನಿಂತರು.

"ಕತ್ತರಿ ಅಂದ್ರೆ ಗೇಟು ಕಣಣ್ಣ. ದಾಟದೆ ನಿಂತವ್ನು ಒಂಬತ್ತು, ದಾಟ್ದವ್ನು ಹನ್ನೊಂದು!"

"ಹನ್ನೆರಡು?"

"ಇಬ್ರು ದಾಟವ್ರೆ."

"ಎದುರಿಂದ ನೋಡಿದ್ರೆ ಮತ್ತೆ ಉಲ್ಟಾ ಆಗಲ್ವಾ?"

"ಎಂಗೆ ಆಯ್ತದೆ? ಎಲ್ರೂ ಹನ್ನೆರಡರ ಕಡೀಕೇ ಹೊಂಟವ್ರೆ. ನೀನೆಲ್ಲೇ ಕೂತ್ಕೊಂಡು ನೋಡು, ಅವ್ರು ಹೋಗೋ ದಿಕ್ಕು ತಿರುಗ್ತದಾ?"

ಸಮದ್ ಬಿಲ್ಲೆಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ, ತಮ್ಮ ಯಂತ್ರ ನಿಲ್ಲಿಸಿ, ಎಲ್ಲರನ್ನೂ ಕರೆದರು. ಅವತ್ತಿನಿಂದ ಶೆಡ್ಡಿನಲ್ಲಿ ಯಾರೂ ಒಂಬತ್ತು ಎನ್ನುವುದಿಲ್ಲ, 'ದಾಟದವ್ನು' ಎನ್ನುತ್ತಾರೆ.

ಈಗ ದಯಾನಂದ್ ಬಂದಿದ್ದಾರೆ. ಮೇಜಿನ ಮೇಲೆ ಬಸಮ್ಮ ಬರೆದ ಗಡಿಯಾರಗಳು ಸಾಲಾಗಿವೆ. ಅವರು ಒಂದೊಂದನ್ನೇ ಎತ್ತಿ ಕಡ್ಡಿಗಳ ಅಂಚನ್ನು ಬೆರಳಿನಿಂದ ಸವರುತ್ತಾರೆ. ಬರಹ ಚೆನ್ನಾಗಿದೆ ಎನ್ನುತ್ತಾರೆ. ಅನಂತರಾಜು ಉಸಿರು ಬಿಡುವಷ್ಟರಲ್ಲಿ, "ಆದ್ರೆ ಅಂಕಿ ತಿಳಿಯದೆ ಬರೀ ನೋಡಿಕೊಂಡು ಬರೆಯೋರು ಸಾವಿರಾರು ಪೀಸಿನಲ್ಲಿ ತಪ್ಪೇ ತಪ್ತಾರೆ" ಎಂದು, ಬಿಲ್ಲೆಯೊಂದನ್ನು ಮೇಜಿನ ಮೇಲಿಟ್ಟು ಬಸಮ್ಮನ ಕಡೆಗಿರುವ ಅಂಕಿಯ ಮೇಲೆ ಬೆರಳಿಡುತ್ತಾರೆ.

"ಇದೆಷ್ಟಮ್ಮಾ?"

ಬಸಮ್ಮ ನಿಂತಿರುವುದು ಎದುರಿಗೆ. ಅಲ್ಲಿಂದ ಕಾಣುವುದು XI. ಹಿಂದಿನಿಂದ ನವ್ಯಶ್ರೀ "ಹನ್ನೊಂದು ಅನ್ನಕ್ಕಾ, ಹನ್ನೊಂದು" ಎಂದು ಪಿಸುಗುಡುತ್ತಾಳೆ. ಬಸಮ್ಮ ಬಿಲ್ಲೆಯನ್ನು ತಿರುಗಿಸುವುದಿಲ್ಲ. ಮೊದಲು ಹನ್ನೆರಡನ್ನು ಹುಡುಕಿ ಅದರ ಮೇಲೆ ಎಡಗೈ ಬೆರಳಿಡುತ್ತಾರೆ, ಬಲಗೈ ಬೆರಳನ್ನು ಕಡ್ಡಿಯ ಮೇಲಿಡುತ್ತಾರೆ. ಆ ಕಡ್ಡಿಯ ಕತ್ತರಿ ನಡುವೆ, ಹನ್ನೆರಡರ ಕಡೆಗೆ ಉಳಿಯುತ್ತದೆ.

"ಇವ್ನಿನ್ನೂ ದಾಟಿಲ್ಲ ಸಾ."

"ಏನು?"

"ಒಂಬತ್ತು ಸಾ, ಒಂಬತ್ತು!"

ದಯಾನಂದ್ ಗೇಟಿನ ಕತೆ ಕೇಳಿ ಜೋರಾಗಿ ನಗುತ್ತಾರೆ. "ಸ್ಟಿಕ್ಕರ್ ಬೇಡ ಅನಂತರಾಜು, ಇವರೇ ಬರೀಲಿ." ಶೆಡ್ಡಿನಲ್ಲಿ ಗದ್ದಲವೋ ಗದ್ದಲ. ಸಮದ್ ಮರದ ಗಿಲಕಿ ತೆಗೆದು ಆಡಿಸುತ್ತಾರೆ. ನವ್ಯಶ್ರೀ ಬಸಮ್ಮನ ಸೊಂಟ ಹಿಡಿದು ಎತ್ತಲು ನೋಡಿ, ಆಗದೆ, ಇಬ್ಬರೂ ಮರದ ಹೊಟ್ಟಿನ ಮೇಲೆ ಕೂತುಬಿಡುತ್ತಾರೆ. ಅನಂತರಾಜು ಒಂದು ಕೈಯಲ್ಲಿ ಫೋನು ಹಿಡಿದು ಇನ್ನೊಂದರಲ್ಲಿ ಎಲ್ಲರಿಗೂ ಕಾಫಿ ಎಂದು ಸನ್ನೆ ಮಾಡುತ್ತಾ ದಯಾನಂದರನ್ನು ಕಾರಿನವರೆಗೆ ಬಿಡಲು ಹೊರಡುತ್ತಾರೆ.

ಬಸಮ್ಮ ಸೀರೆಯ ಹೊಟ್ಟು ಕೊಡವಿಕೊಂಡು ಏಳುತ್ತಾರೆ. "ನಮ್ಮನೇಲಿ ರೇಷ್ಮೆ ಬೆಳೆ ಬಂದಾಗ್ಲೂ ಇಷ್ಟು ಕುಸಿಯಾಗಿರ್ಲಿಲ್ಲ ಕಣವ್ವ" ಎಂದು ನನಗೆ ಹೇಳುತ್ತಾರೆ. ಆಮೇಲೆ ರಟ್ಟಿನ ಪೆಟ್ಟಿಗೆಗಳ ಕಡೆ ನೋಡಿ, ಬಾಗಿಲು ದಾಟುತ್ತಿರುವ ಅನಂತರಾಜು ಅವರ ಬೆನ್ನಿಗೆ ಕೂಗುತ್ತಾರೆ. ಅಷ್ಟರಲ್ಲಿ ಕರೆಂಟು ಬಂದು ಯಂತ್ರಗಳೆಲ್ಲ ಒಟ್ಟಿಗೆ ತಿರುಗತೊಡಗುತ್ತವೆ.

"ಅಣ್ಣಾ, ಆ ಪೆಟ್ಗೆ ಒಸಿ ತೆಗೆಸ್ಕೊಡಿ. ಸೋಮಾರದಿಂದ ನನ್ ಮಣೆ ಕಿಟ್ಕಿ ತಾವ ಹಾಕ್ಕತೀನಿ."