ಬೆಡ್‌ಶೀಟಿನ ಆ ತುದಿ

ಕಾನೂನಕ್ಕ ಎಂಬ ಹೆಸರನ್ನು ಲಾಂಡ್ರಿಯವರು ಇಟ್ಟದ್ದು ಗೇಲಿಗೆ. ಆಕೆ ಅದನ್ನು ಬಿರುದಿನಂತೆ ಹೊತ್ತು ಓಡಾಡಿದಳು. ಸಾಲೇ ಇಲ್ಲದ ಬಸ್‌ ಸ್ಟಾಪಿನಲ್ಲೂ ಸಾಲು ಮಾಡಿಸಿ ನಿಲ್ಲುವ ಹೆಂಗಸು. ಯಾರಾದರೂ ನಡುವೆ ನುಗ್ಗಿದರೆ ಬಾಯಿ ಬಿಡುವುದಿಲ್ಲ, ಸುಮ್ಮನೆ ನೋಡುತ್ತಾಳೆ. ಆ ನೋಟಕ್ಕೆ ಪೊಲೀಸಿನವನೊಬ್ಬ ಹಿಂದೆ ಸರಿದದ್ದನ್ನು ನಾನೇ ಕಂಡಿದ್ದೇನೆ. ಜೀವಮಾನವೆಲ್ಲ ಪೊಲೀಸರನ್ನು ಹಿಂದೆ ಸರಿಸಲು ಗಂಟಲು ಹರಿದುಕೊಂಡ ನಮ್ಮಂಥ ಸಂಘದವರಿಗೆ ಹೊಟ್ಟೆಕಿಚ್ಚಾಗುವಂಥ ನೋಟ.

ದೊಡ್ಡ ಆಸ್ಪತ್ರೆಯ ಬಟ್ಟೆ ಒಗೆಯುವ ಲಾಂಡ್ರಿ ಅದು. ನೆಲಮಾಳಿಗೆಯಲ್ಲಿದೆ. ಕಿಟಕಿಗಳು ತಲೆಗಿಂತ ಎತ್ತರ. ಅವುಗಳಾಚೆ ದಾರಿಹೋಕರ ಬೂಟು ಚಪ್ಪಲಿಗಳಷ್ಟೇ ಕಾಣುತ್ತವೆ. ಒಂದು ಬದಿಗೆ ಗುಡುಗುಡು ಸುತ್ತುವ ಯಂತ್ರಗಳು, ಇನ್ನೊಂದು ಬದಿಗೆ ಮಡಚುವವರು. ಬೆಡ್‌ಶೀಟ್ ಮಡಚುವುದು ಜೋಡಿ ಕೆಲಸ. ಇಬ್ಬರು ಎದುರುಬದುರು ನಿಂತು, ಮೂಲೆಗಳನ್ನು ಹಿಡಿದು ಎಳೆದು ಫಟ್ಟನೆ ಕೊಡವಬೇಕು. ಆಮೇಲೆ ಒಬ್ಬರತ್ತ ಒಬ್ಬರು ನಡೆದು ಬಂದು, ಒಬ್ಬಳು ತನ್ನ ಮೂಲೆಗಳನ್ನು ಇನ್ನೊಬ್ಬಳ ಕೈಗಿತ್ತು, ಬಗ್ಗಿ ಕೆಳಗಿನ ಮಡಿಕೆ ಎತ್ತಿಕೊಳ್ಳಬೇಕು. ಒಬ್ಬಳ ಕೈ ತಡವಾದರೂ ಶೀಟು ಸೊಟ್ಟ. ಕೈ ಹೊಂದಲು ತಿಂಗಳುಗಟ್ಟಲೆ ಬೇಕು. ಹೊಂದಿದ ಮೇಲೆ ಅದು ಗಂಡಹೆಂಡಿರ ಜೋಡಿಗಿಂತ ಗಟ್ಟಿ ಎಂದು ಅಲ್ಲಿಯವರೇ ನಗುತ್ತಾರೆ.

ಕಾನೂನಕ್ಕನ ಜೋಡಿ ಗುಬ್ಬಿ. ಕುಳ್ಳಗಿನ, ಬಾಯಿ ಮುಚ್ಚದ ಹುಡುಗಿ. ಇಬ್ಬರೂ ಹೊರದೇಶದಿಂದ ದುಡಿಯಲು ಬಂದವರೇ. ಅಕ್ಕ ಬಂದದ್ದು ಗಡಿಯ ಬಾಗಿಲಿನಿಂದ, ಗುಬ್ಬಿ ಬಂದದ್ದು ತರಕಾರಿ ಲಾರಿಯಲ್ಲಿ, ಮೂಟೆಗಳ ಸಂದಿಯಲ್ಲಿ ಮಲಗಿಕೊಂಡು.

ಅಕ್ಕನಿಗೆ ಪರವಾನಗಿ ಕಾರ್ಡು ಕೈಸೇರುವ ಹೊತ್ತಿಗೆ ಅರ್ಜಿಯ ಫೋಟೋದಲ್ಲಿದ್ದ ಕಪ್ಪು ಕೂದಲು ತಲೆಯ ಮೇಲಿರಲಿಲ್ಲ. ಕಾಯುವ ನಡುವೆ ಗಡಿಯಾಚೆ ತನ್ನೂರಿನಲ್ಲಿ ತಾಯಿ ತೀರಿಕೊಂಡಳು. ದೇಶ ಬಿಟ್ಟು ಹೋದರೆ ಸರದಿ ತಪ್ಪುತ್ತದೆ ಎಂಬ ನಿಯಮವಿತ್ತು. ಆಕೆ ಹೋಗಲಿಲ್ಲ. ಅದನ್ನು ಯಾರ ಮುಂದೆಯೂ ಹೇಳಿಕೊಂಡು ಅತ್ತವಳಲ್ಲ.

ನಮ್ಮ ಸಂಘದವರು ಲಾಂಡ್ರಿಯ ಗೇಟಿನಲ್ಲಿ ಕರಪತ್ರ ಹಂಚುತ್ತಿದ್ದೆವು. ಕಾಗದ ಇಲ್ಲದವರೂ ಮನುಷ್ಯರೇ, ಅವರನ್ನು ಅಟ್ಟುವ ನಿಯಮಗಳನ್ನು ಕಿತ್ತೆಸೆಯಿರಿ ಎಂಬುದು ನಮ್ಮ ಕೂಗು. ಎಲ್ಲರೂ ಆ ಕರಪತ್ರದಲ್ಲಿ ಕೈ ಒರೆಸಿಕೊಳ್ಳುತ್ತಿದ್ದರು. ಕಾನೂನಕ್ಕ ಒಬ್ಬಳು ಪೂರ್ತಿ ಓದಿ, ಶೀಟಿನಂತೆ ಅಚ್ಚುಕಟ್ಟಾಗಿ ಮಡಚಿ, ಕ್ಯಾಂಟೀನಿನಲ್ಲಿ ನನ್ನ ಎದುರು ಬಂದು ಕೂರುತ್ತಿದ್ದಳು.

"ಲೀಡರಣ್ಣ, ಅವರು ಮನುಷ್ಯರಲ್ಲ ಅಂದೋರ್ಯಾರು? ನಿಮ್ಮನೆ ಬಾಗಿಲಿಗೆ ಚಿಲಕ ಇದೆ ತಾನೆ?"

"ಇದೆ. ಬಡಿದ್ರೆ ತೆಗೀತೀನಿ."

"ಕಿಟಕಿ ಹಾರಿ ಬಂದ್ರೆ?"

"ಬಾಗಿಲು ಬಡಿದೂ ಬಡಿದೂ ಕೈ ಊದ್ಕೊಂಡೋರೇ ಅಕ್ಕಾ ಕಿಟಕಿ ಹಾರೋದು."

"ನಂದೂ ಊದಿತ್ತು. ನಾನು ಹಾರ್ಲಿಲ್ಲ."

ಪಕ್ಕದಲ್ಲಿ ಬ್ರೆಡ್ಡು ಚಹಾದಲ್ಲಿ ಅದ್ದುತ್ತಿದ್ದ ಗುಬ್ಬಿ ತಲೆ ಎತ್ತಿದಳು. "ನಾನೂ ಹಾರ್ಲಿಲ್ಲಪ್ಪ. ಆಲೂಗಡ್ಡೆ ಜೊತೆ ಮರ್ಯಾದೆಯಾಗಿ ಮಲ್ಕೊಂಡು ಬಂದೆ. ಆಲೂಗಡ್ಡೆಗೆ ಕಾಗದ ಇತ್ತು, ನಂಗಿರ್ಲಿಲ್ಲ ಅಷ್ಟೇ."

"ಮುಚ್ಚೇ ಬಾಯಿ. ಬಟ್ಟೆ ಒಗೆಯೋರಿಗೂ ಒಂದು ಸಾಲು ಇದ್ದಿದ್ರೆ ನಿಲ್ತಿದ್ಯಾ?"

"ಎಲ್ಲಿದೆ ತೋರ್ಸು, ಈಗ್ಲೇ ಚಾಪೆ ತಗೊಂಡು ಹೋಗಿ ನಿಲ್ತೀನಿ. ಡಾಕ್ಟರಿಗೆ ಇದೆ, ಇಂಜಿನಿಯರಿಗೆ ಇದೆ. ನೀನು ನಿಂತಿದ್ದ ಸಾಲು ಮುಚ್ಚೇ ಹೋಯ್ತಲ್ಲ, ನಮ್ಮಂಥೋರಿಗೆ ಈಗ ಎಲ್ಲಿದೆ?"

ಅಕ್ಕ ಚಹಾ ಲೋಟ ಎತ್ತಿಕೊಂಡು ಎದ್ದು ಹೋದಳು. ಆ ಮಾತು ಆಕೆಯೊಳಗೆ ಎಲ್ಲಿ ಹೋಗಿ ಕೂತಿತು ಎಂದು ನನಗೆ ಗೊತ್ತಾಗಲಿಲ್ಲ.

ಒಂದು ಮಧ್ಯಾಹ್ನ ವಲಸೆ ಇಲಾಖೆಯವರು ತಪಾಸಣೆಗೆ ನುಗ್ಗಿದರು. ಮೆಟ್ಟಿಲ ಬಳಿ ಇದ್ದವನು ಟ್ರಾಲಿ ಉರುಳಿಸಿದ. ಅದು ಎಚ್ಚರಿಕೆಯ ಸದ್ದು. ಗುಬ್ಬಿ ತನ್ನ ಕೈಲಿದ್ದ ಮೂಲೆಗಳನ್ನು ಬಿಟ್ಟು ವಾರ್ಡಿನಿಂದ ಬಂದ ಕೊಳೆ ಬಟ್ಟೆಯ ರಾಶಿಯೊಳಗೆ ಹೂತುಹೋದಳು. ರಕ್ತ ವಾಂತಿ ಎಲ್ಲ ಇರುವ ಆ ರಾಶಿಗೆ ಯಾವ ಅಧಿಕಾರಿಯೂ ಕೈ ಹಾಕುವುದಿಲ್ಲ. ಎಲ್ಲ ಸರಿಯಾಗಿಯೇ ಇತ್ತು, ಒಂದು ಬಿಟ್ಟು. ಕಾನೂನಕ್ಕ ಅರ್ಧ ಶೀಟು ಹಿಡಿದು ನಿಂತಿದ್ದಳು, ಇನ್ನರ್ಧ ನೆಲದ ಮೇಲೆ ಬಿದ್ದಿತ್ತು. ಬೇರೆಯವರಾಗಿದ್ದರೆ ಅದನ್ನು ಬಾಚಿ ಬುಟ್ಟಿಗೆ ಎಸೆಯುತ್ತಿದ್ದರು. ಒಗೆದ ಶೀಟನ್ನು ಮಡಚದೆ ಎಸೆದ ಅಭ್ಯಾಸ ಆ ಕೈಗಳಿಗಿರಲಿಲ್ಲ.

ಅಧಿಕಾರಿ ಕೇಳಿದ. "ಆ ತುದಿ ಹಿಡಿದಿದ್ದು ಯಾರು?"

ಕಾನೂನಕ್ಕ ಸುಳ್ಳು ಹೇಳುವವಳಲ್ಲ ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

"ನನ್ನ ಜೋಡಿ. ಕಾಗದ ಇಲ್ಲ. ಎಲ್ಲಿದಾಳೆ ಅಂತ ನಾನು ಹೇಳಲ್ಲ. ನಾಳೆ ತಾನಾಗೇ ನಿಮ್ಮ ಕಚೇರಿಗೆ ಬರ್ತಾಳೆ."

"ಬರದಿದ್ರೆ?"

ಆಕೆ ಕೊರಳಿನ ದಾರದಲ್ಲಿದ್ದ ಕಾರ್ಡು ತೆಗೆದು ಕೊಟ್ಟಳು. "ಇದನ್ನ ಇಟ್ಕೊಳ್ಳಿ."

ಎಷ್ಟು ವರ್ಷ ಕಾದು ಪಡೆದ ಕಾರ್ಡು ಅದು! ತಾಯಿಯ ಮಣ್ಣಿಗೂ ಹೋಗದೆ ಉಳಿಸಿಕೊಂಡದ್ದು. ಅಧಿಕಾರಿ ಅದನ್ನು ಜೇಬಿಗಿಳಿಸಿ ಹೋದ.

ಸುದ್ದಿ ಕೇಳಿ ನಾನು ಓಡಿ ಬಂದೆ. ಜೊತೆಯವರನ್ನು ಹಿಡಿದುಕೊಟ್ಟವರಿಗೆ ನಮ್ಮ ಸಂಘದಲ್ಲಿ ಒಂದು ಮಾತಿದೆ, ಇಲ್ಲಿ ಬರೆಯುವಂಥದ್ದಲ್ಲ. ಅದನ್ನು ಅಂದೂಬಿಟ್ಟೆ. ಗುಬ್ಬಿ ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತು ಮೈಗೆ ಅಂಟಿದ ಕೊಳೆ ಒರೆಸಿಕೊಳ್ಳುತ್ತಿದ್ದಳು.

"ನನ್ನ ತಲೆ ನಿಂದೇನಕ್ಕಾ? ಯಾರನ್ನ ಕೇಳಿ ಮಾತು ಕೊಟ್ಟೆ?"

"ಯಾರನ್ನೂ ಕೇಳ್ಲಿಲ್ಲ. ತಪ್ಪೇ ಮಾಡಿದೀನಿ. ಬರೋದು ಬಿಡೋದು ನಿಂಗೆ ಬಿಟ್ಟಿದ್ದು ಕಣೇ. ಲೀಡರಣ್ಣ ಅಡಗಿಸಿಡೋಕೆ ಜಾಗ ನೋಡಿರ್ತಾರೆ, ಹೋಗು. ನಾನಂತೂ ಬೆಳಿಗ್ಗೆ ಹೋಗಿ ಸಾಲಲ್ಲಿ ನಿಲ್ತೀನಿ."

"ನಿನ್ನ ಕಾರ್ಡು ಹೋಗುತ್ತಲ್ಲಕ್ಕಾ!"

"ಹೋಗ್ಲಿ ಬಿಡು." ಆಮೇಲೆ ನನ್ನತ್ತ ತಿರುಗಿದಳು. "ಲೀಡರಣ್ಣ, ತಾವಾಗೇ ಕಚೇರಿಗೆ ಬಂದೋರು ತಾವಾಗೇ ವಾಪಸ್ ಹೋಗ್ಬಹುದು, ಕೆಲಸ ಖಾಲಿ ಇದ್ರೆ ಮಾಲೀಕ ಮತ್ತೆ ಕರೆಸ್ಕೋಬಹುದು ಅಂತ ಒಂದು ನಿಯಮ ಇದೆಯಲ್ಲ? ಸಿಕ್ಕಿಬಿದ್ದೋರಿಗೆ ಮಾತ್ರ ಶಾಶ್ವತ ನಿಷೇಧ."

"ಯಾರು ಹೇಳಿದ್ದು ನಿಮಗೆ?"

"ನಿಮ್ಮ ಕರಪತ್ರ. ಇದು ಬಲೆ, ನಂಬಬೇಡಿ ಅಂತ ದಪ್ಪಕ್ಷರದಲ್ಲಿ ಹಾಕಿದ್ರಿ."

ಹಾಕಿದ್ದೆವು. ಈಗಲೂ ಹಾಕುತ್ತೇವೆ. ಆ ನಿಯಮವನ್ನು ನಂಬಿ ಹೋದವರು ಒಬ್ಬರೂ ನಮಗೆ ಗೊತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ವಲಸೆ ಕಚೇರಿಯ ಸಾಲು ಬೀದಿಯ ತಿರುವಿನವರೆಗೂ ಇತ್ತು. ಕಾನೂನಕ್ಕ ಬಾಗಿಲ ಹತ್ತಿರಕ್ಕೆ ತಲುಪಿದ್ದಳು. ಗುಬ್ಬಿ ಬರುವುದಿಲ್ಲ ಎಂದು ನಾನು ಮನಸ್ಸಿನಲ್ಲೇ ಪಣ ಕಟ್ಟಿದ್ದೆ. ಬಂದಳು. ಕಣ್ಣು ಊದಿಕೊಂಡಿತ್ತು, ಬಗಲಲ್ಲಿ ಒಂದು ಚೀಲ. ನೇರ ಬಂದು ಅಕ್ಕನ ಪಕ್ಕ ನಿಂತಳು.

ಅಕ್ಕ ಹೇಳಿದಳು, "ಇಲ್ಲಲ್ಲ. ಕೊನೆ ಅಲ್ಲಿದೆ."

ನನಗೆ ಮೈ ಉರಿದು ಹೋಯಿತು. ಕೊರಳಿಗೆ ಉರುಳು ಬಿಗಿಯುತ್ತಿರುವ ಹುಡುಗಿಗೆ ಈಗಲೂ ಸಾಲಿನ ಪಾಠವೇ! ಆದರೆ ಬೈಯಲು ಬಾಯಿ ತೆರೆಯುವಷ್ಟರಲ್ಲಿ ಕಾನೂನಕ್ಕ ತಾನೂ ಸಾಲಿನಿಂದ ಹೊರಬಂದಳು. ಬೆಳಗಿನಿಂದ ನಿಂತು ಗಳಿಸಿದ ಜಾಗವನ್ನು ಹಿಂದಿನವನಿಗೆ ಬಿಟ್ಟು, ಗುಬ್ಬಿಯ ಚೀಲ ತಾನು ಹೊತ್ತುಕೊಂಡು, ಬೀದಿಯ ತಿರುವಿನವರೆಗೆ ನಡೆದು ಆಕೆಯ ಹಿಂದೆ ನಿಂತಳು. ಕೊನೆಯಲ್ಲಿ ಗುಬ್ಬಿ, ಗುಬ್ಬಿಯ ಹಿಂದೆ ಅಕ್ಕ. ಲಾಠಿ ಏಟು ಬೀಳುವ ಮೆರವಣಿಗೆಗಳಲ್ಲಿ ನಡೆದಿದ್ದೇನೆ. ಅಂಥದ್ದೊಂದು ನಡಿಗೆಯನ್ನು ಕಂಡಿರಲಿಲ್ಲ.

ಕೌಂಟರಿನ ಗುಮಾಸ್ತ ಮೊದಲು ನಗಾಡಿದ. ಆಮೇಲೆ ನಿಯಮ ಹುಡುಕಿದ. ಆಮೇಲೆ ಮೇಲಿನವನನ್ನು ಕರೆದ. ಹಿರಿಯ ಅಧಿಕಾರಿ ಕನ್ನಡಕ ಏರಿಸಿ ಇಬ್ಬರನ್ನೂ ನೋಡಿದ. "ತಾನಾಗೇ ಬಂದಳಾ? ನಿಜವಾಗ್ಲೂ?"

"ಸಾಲಲ್ಲಿ ನಿಂತು ಬಂದಳು," ಎಂದಳು ಅಕ್ಕ.

ನಿಷೇಧ ಬೀಳಲಿಲ್ಲ. ಅಕ್ಕನ ಕಾರ್ಡು ಅಕ್ಕನಿಗೆ ಸಿಕ್ಕಿತು. ಗುಬ್ಬಿ ತನ್ನ ದೇಶಕ್ಕೆ ಹೋಗಬೇಕು, ಮಾಲೀಕ ಕರೆದರೆ ಬಾಗಿಲಿನಿಂದ ಬರಬಹುದು. ಷರತ್ತು ಒಂದೇ. ಅಷ್ಟರತನಕ ಆಕೆಯ ಕೆಲಸ ಖಾಲಿಯೇ ಇರಬೇಕು. ಇನ್ನೊಬ್ಬರನ್ನು ತೆಗೆದುಕೊಂಡರೆ ಕರೆ ರದ್ದು.

ಲಾಂಡ್ರಿ ಮಾಲೀಕ ಕೆಟ್ಟವನಲ್ಲ, ಜಿಪುಣ. "ಅಲ್ಲಮ್ಮ, ಒಬ್ಬಳು ಹೆಂಗೆ ಮಡಚ್ತಾಳೆ? ಇನ್ನೊಬ್ಬಳನ್ನ ತಗೋಳ್ಳೇಬೇಕು."

"ಬೇಡ. ಎರಡೂ ತುದಿ ನಾನೇ ಹಿಡೀತೀನಿ."

"ನಿಂಗೇನು ನಾಲ್ಕು ಕೈಯಿದೆಯಾ?"

ಆಕೆ ಬಡಗಿಯನ್ನು ಕರೆಸಿ ಗೋಡೆಗೆ ಎರಡು ಗೂಟ ಹೊಡೆಸಿದಳು, ಒಂದೊಂದಕ್ಕೂ ಗಟ್ಟಿ ಕ್ಲಿಪ್ಪು. ಗುಬ್ಬಿಯ ಎದೆಯ ಎತ್ತರಕ್ಕೆ. ಎರಡು ಮೂಲೆ ಗೋಡೆಗೆ ಸಿಕ್ಕಿಸಿ, ಈಚೆ ಓಡಿಬಂದು ಇನ್ನೆರಡು ಹಿಡಿದು ಕೊಡವಿ, ಮತ್ತೆ ಗೋಡೆಯತ್ತ ನಡೆದು, ಬಿಡಿಸಿ, ಬಗ್ಗಿ, ಎತ್ತಿ. ಒಂದು ಶೀಟಿಗೆ ಇಬ್ಬರ ನಡಿಗೆ. ಎಲ್ಲರ ಊಟ ಮುಗಿದು ಚಹಾ ಆರುವವರೆಗೂ ಆಕೆ ಮಡಚುತ್ತಿರುತ್ತಿದ್ದಳು. ಚಳಿಗಾಲ ಹೋಯಿತು, ಬೇಸಿಗೆ ಬಂತು. ಸೊಂಟಕ್ಕೆ ಪಟ್ಟಿ ಬಂತು. ಪಕ್ಕದ ಜೋಡಿಯವರು ಕೈ ಕೊಡಲು ಬಂದರೆ, "ನಿಮ್ಮ ರಾಶಿ ನೋಡ್ಕೊಳ್ಳಿ" ಎಂದು ಅಟ್ಟುತ್ತಿದ್ದಳು. ಮಾಲೀಕ ದಿನಾ ಬಂದು ಮಡಚಿದ ಶೀಟುಗಳ ರಾಶಿ ಕುಂದಿದೆಯೇ ಎಂದು ನೋಡುತ್ತಿದ್ದ. ಒಮ್ಮೆಯೂ ಕುಂದಲಿಲ್ಲ. ಬಯ್ಯಲು ಬಂದವನು ಬರಬರುತ್ತ ಸುಮ್ಮನೆ ನಿಂತು ನೋಡತೊಡಗಿದ. ನಾನೂ ನಿಂತು ನೋಡಿದ್ದೇನೆ. ಹೇಳಿದರೆ ನಗುತ್ತೀರಿ, ಗುಡಿಗೆ ಹೋಗದ ನನಗೆ ಅಲ್ಲಿ ಚಪ್ಪಲಿ ಕಳಚಬೇಕೆನ್ನಿಸಿತ್ತು.

"ಅಕ್ಕಾ, ಈಗಲಾದ್ರೂ ಒಪ್ಕೊಳ್ಳಿ, ಈ ನಿಯಮ ಕ್ರೂರ," ಎಂದೆ ಒಮ್ಮೆ.

ಆಕೆ ಗೂಟದಿಂದ ಮೂಲೆ ಬಿಡಿಸುತ್ತಾ ಏದುಸಿರಿನಲ್ಲೇ ಹೇಳಿದಳು. "ನಿಯಮ ಬಿಗಿ ಇರ್ಲಿ ಅಣ್ಣ. ಆದ್ರೆ ಸಾಲು ಅಂದ್ಮೇಲೆ ಅದು ಮುಂದೆ ಹೋಗ್ಬೇಕು. ಮುಂದೆ ಹೋಗದ ಸಾಲು ಸಾಲಲ್ಲ, ಗೋಡೆ. ಅದನ್ನ ಬರೀರಿ ನಿಮ್ಮ ಕರಪತ್ರದಲ್ಲಿ, ಓದದೆ ಇರೋರೂ ಓದ್ತಾರೆ."

ನಿಯಮದ ಬಿಗಿಯ ವಿಷಯದಲ್ಲಿ ನಮ್ಮಿಬ್ಬರಿಗೆ ಈಗಲೂ ಒಮ್ಮತವಿಲ್ಲ. ಎಲ್ಲರ ಜೋಡಿಗೂ ಹೀಗೆ ಸೊಂಟ ಮುರಿದುಕೊಳ್ಳುವ ಅಕ್ಕ ಇರುವುದಿಲ್ಲವಲ್ಲ, ಅವರ ಗತಿ ಏನು ಎಂದು ಕೇಳುತ್ತೇನೆ. ಅದಕ್ಕೆ ಆಕೆಯ ಬಳಿ ಜವಾಬಿಲ್ಲ. ಇಲ್ಲವೆಂದು ಒಪ್ಪಿಕೊಳ್ಳುತ್ತಾಳೆ, ಅದು ನಮ್ಮ ಭಾಷಣಕಾರರಿಗೆ ಬರದ ವಿದ್ಯೆ.

ಗುಬ್ಬಿ ಬಂದಳು. ಈ ಸಲ ಆಲೂಗಡ್ಡೆಯಿಲ್ಲದೆ, ಬಾಗಿಲಿನಿಂದ. ನೇರ ಲಾಂಡ್ರಿಯ ಮೆಟ್ಟಿಲಿಳಿದು ನಿಂತವಳು ಗೋಡೆಯ ಗೂಟಗಳನ್ನು ನೋಡಿದಳು.

"ಇವ್ಯಾರಕ್ಕಾ?"

"ನೀನಿಲ್ಲದಾಗ ನಿನ್ನ ಜಾಗ ಕಾದೋರು. ನಿನಗಿಂತ ನೆಟ್ಟಗೆ ನಿಲ್ತಿದ್ರು. ಮಾತೂ ಇಲ್ಲ."

"ಹಾಗಾದ್ರೆ ಅವರನ್ನೇ ಇಟ್ಕೊ, ನಾನು ಹೊರಟೆ."

"ಸಾಕು ನಿನ್ನ ನಾಟಕ, ಹಿಡಿ."

ಕಾನೂನಕ್ಕ ಶೀಟಿನ ಆ ತುದಿಯನ್ನು ಎಸೆದಳು. ಗುಬ್ಬಿ ಹಿಡಿದಳು. ಅಕ್ಕನ ಕೈ ಗೂಟಕ್ಕೆ ಒಗ್ಗಿಹೋಗಿತ್ತು. ವಿಪರೀತ ಜೋರಾಗಿ ಎಳೆದಳು, ಗುಬ್ಬಿ ಮುಗ್ಗರಿಸಿ ಶೀಟಿನ ಸಮೇತ ಬಂದು ಆಕೆಯ ಮೇಲೆಯೇ ಬಿದ್ದಳು. ಇಬ್ಬರೂ ನೆಲದ ಮೇಲೆ. ಲಾಂಡ್ರಿಯವರೆಲ್ಲ ಹೋ ಎಂದು ನಕ್ಕರು.

ಅಕ್ಕ ಎದ್ದು ಶೀಟು ನೋಡಿದಳು. "ಕೊಳೆಯಾಯ್ತು. ಮತ್ತೆ ಒಗೆಯೋಕೆ ಹಾಕು," ಎಂದಳು.