ಭಾಗ ಆಗೋ ಸಂಖ್ಯೆ

ನನ್ನ ನೋಡಾಕ ರಾಣೇಬೆನ್ನೂರಿನವರು ಬಂದಾಗ ಬ್ಯಾಡಗಿಯೊಳಗ ಮೆಣಸಿನಕಾಯಿ ಸುಗ್ಗಿ. ಓಣಿಯೆಲ್ಲಾ ಘಾಟು. ಹುಡುಗನ ತಾಯಿ ಹೊಸ್ತಿಲು ದಾಟೂದ್ರಾಗ ಸೀನಿದ್ರು. ನಮ್ಮವ್ವನ ಮಾರಿ ಸಣ್ಣಾತು. "ಬ್ಯಾಡಗಿಯೊಳಗ ಸೀನು ಅಪಶಕುನ ಅಂದ್ರ ಒಂದು ಮದವಿನೂ ಆಗೂದಿಲ್ಲ ಬಿಡಬೇ" ಅಂತ ನಾನು ಒಳಗಿನಿಂದನ ಅಂದೆ. ನನ್ನ ಬಾಯಿಗೆ ಬೀಗ ಇಲ್ಲ ಅಂತ ಅವ್ವ ಯಾವಾಗಲೂ ಬೈತಿದ್ಲು. ಖರೇನ, ಇಲ್ಲ.

ಅದಕ್ಕೂ ಮೊದಲು ಮೂರು ಮನಿಯವರು ನೋಡಿ ಹೋಗಿದ್ರು. ಒಬ್ಬರು ಹಾಡು ಅಂದ್ರು, ಒಬ್ಬರು ನಡದು ತೋರಸು ಅಂದ್ರು, ಮತ್ತೊಬ್ಬರು ರೊಟ್ಟಿ ಬಡಿಯಾಕ ಬರತೈತೇನು ಅಂದ್ರು. ದಿನಾ ಬಸ್ಸಿನ್ಯಾಗ ಹಾವೇರಿಗೆ ಹೋಗಿ ಗಣಿತದಾಗ ಬಿ.ಎಸ್ಸಿ. ಮುಗಿಸಿದ್ದೆ, ಅದನ್ನ ಮಾತ್ರ ಯಾರೂ ಕೇಳಲಿಲ್ಲ. ಈ ಹುಡುಗ ಹೈಸ್ಕೂಲಿನ ಗಣಿತದ ಮಾಸ್ತರ. ಕಿಸೆಯಿಂದ ಪೆನ್ನು ತಗದು, ಒಂದು ಚೀಟಿ ಮ್ಯಾಲೆ ಬರೀ ಒಂದು, ಒಂದು, ಒಂದು ಅಂತ ಮೂವತ್ತು ಸಲ ಸಾಲಾಗಿ ಬರದು ನನ್ನ ಕಡೆ ಸರಿಸಿದ್ರು.

"ಇಷ್ಟು ದೊಡ್ಡ ಸಂಖ್ಯೆ. ಅವಿಭಾಜ್ಯ ಇರಬಹುದೇನ್ರಿ?"

ಕಿಸೆಯಾಗಿನ ಶೇಂಗಾ ಹಂಚಿಕೊಂಡಂಗಿತ್ತು ಆ ಕೇಳೂ ರೀತಿ. ಈ ಮನಷ್ಯಾ ನನಗ ಬೇಕು ಅಂತ ಆಗಲೇ ಅನಿಸಿಬಿಡ್ತು. ಹೇಳಾಕ ನಾಚಿಕಿ ಯಾಕ?

ಆರು ಒಂದುಗಳ ಸಂಖ್ಯೆ ನನಗ ಗೊತ್ತಿತ್ತು. ಮೂರು, ಏಳು, ಹನ್ನೊಂದು, ಹದಿಮೂರು, ಮೂವತ್ತೇಳು, ಇವಿಷ್ಟನ್ನ ಗುಣಿಸಿದ್ರ ಅದು ಬರತೈತಿ. ಮೂವತ್ತು ಒಂದುಗಳು ಅಂದ್ರ ಅಂಥಾ ಐದು ಗುಂಪು. ಹುರುಪಿನ್ಯಾಗ ಜೋರಾಗೇ ಅಂದೆ: "ಎಲ್ಲಿ ಅವಿಭಾಜ್ಯರಿ! ಭಾಗ ಆಗೂದು ಖಾತ್ರಿ. ಏಳರಿಂದ ಮಾಡ್ರಿ, ಹದಿಮೂರರಿಂದ ಮಾಡ್ರಿ, ಭಾಗ ಆಗೇ ಆಗತೈತಿ!"

ಮಾಸ್ತರ ಮಾರಿ ಅರಳಿತು. ಅವರ ತಾಯಿ ಮಾತ್ರ ಉಪ್ಪಿಟ್ಟಿನ ಪ್ಲೇಟು ಕೆಳಗಿಟ್ರು. ನಮ್ಮ ಕಡೆ ಭಾಗ ಅಂದ್ರ ಅಣ್ಣತಮ್ಮರು ಮನಿ ಒಡಕೊಂಡು ಬ್ಯಾರೆ ಒಲಿ ಹೂಡೂದು. ಅವರೋ, ಗಂಡ ಸತ್ತ ಮ್ಯಾಲೆ ಮೂರು ಗಂಡಮಕ್ಕಳು, ಇಬ್ಬರು ಸೊಸ್ತೇರು, ಮೊಮ್ಮಕ್ಕಳು, ಎಲ್ಲಾರನ್ನೂ ಒಂದ ಒಲಿಗೆ ಹಿಡಿದಿಟ್ಟವರು.

"ಕಾಲಿಡೂಕಿಂತ ಮೊದಲ ಭಾಗದ ಮಾತು! ಏಳಪಾ, ಹೋಗೂಣು."

"ಯವ್ವಾ, ಅದು ಲೆಕ್ಕದ ಮಾತು" ಅಂತ ಮಗ ಅಂದ್ರು. ಅಷ್ಟ್ರಾಗ ಅವರು ಚಪ್ಪಲಿ ಮೆಟ್ಟಾಕತ್ತಿದ್ರು. ನಮ್ಮವ್ವ ಸೆರಗಿನ್ಯಾಗ ಮಾರಿ ಮುಚ್ಚಿಕೊಂಡ್ಲು. ಬಾಯಿ ನನ್ನದು, ಕೆಡಸಿದಾಕಿ ನಾನು. ಓಡಿ ಹೋಗಿ ಬಾಗಲದಾಗ ಅಡ್ಡ ನಿಂತೆ.

"ಒಂದ ಮಾತು ಕೇಳ್ರಿ. ಮೂವತ್ತು ಮಂದಿ ಉಣ್ಣಾಕ ಬಂದಾರ ಅನ್ರಿ. ಪಂಕ್ತಿಗೆ ಆರು ಮಂದಿ ಕುಂದರಿಸಿದ್ರ ಸರಿಯಾಗಿ ಐದು ಪಂಕ್ತಿ. ಒಬ್ಬರೂ ಹಸದು ಉಳಿಯಂಗಿಲ್ಲ. ಅದಕ್ಕ ನಾವು ಭಾಗ ಆಗತೈತಿ ಅಂತೀವ್ರಿ. ಮನಿ ಒಡಿಯೂ ಮಾತಲ್ರಿ."

ಅವರು ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು ಹಂಗ ನಿಂತ್ರು.

"ಒಬ್ಬರೂ ಉಳಿಯಂಗಿಲ್ಲ?"

"ಇಲ್ರಿ."

"ಮತ್ತ ಬಡಸಾಕಿ?"

ನಾ ಓದಿದ ಯಾವ ಪುಸ್ತಕದಾಗೂ ಆಕಿನ್ನ ಎಣಿಸಿರಲಿಲ್ಲ. ಎಲ್ಲಾರ ಊಟ ಆದ ಮ್ಯಾಲೆ ಅಡಗಿಮನ್ಯಾಗ ಒಬ್ಬಾಕಿನ ಕುಂತು ತಣ್ಣಂದು ಉಣ್ಣಾಕಿ ಯಾರು ಅಂತ ಅವರ ಕಣ್ಣು ನೋಡಿದ್ರ ತಿಳೀತಿತ್ತು.

"ಆಕಿ ಜೋಡಿ ನಾ ಕುಂದರ್ತೇನ್ರಿ" ಅಂದೆ.

ಅವರು ಚಪ್ಪಲಿ ಬಿಟ್ಟು ಒಳಗ ಬಂದು ಚಾಪಿ ಮ್ಯಾಲೆ ಕುಂತ್ರು. ಉಪ್ಪಿಟ್ಟು ಎತ್ತಿಕೊಂಡು, ನನ್ನ ಸೆರಗು ಹಿಡದು ಜಗ್ಗಿದ್ರು.

"ಕುಂದರು ಹಂಗಾರ. ಮುಂಜಾನಿಂದ ನೀನೂ ಏನೂ ತಿಂದಿಲ್ಲ, ಮಾರಿ ನೋಡಿದ್ರ ಗೊತ್ತಾಗತೈತಿ."